ಎಲುಬಿನ ವೈದ್ಯರನ್ನು ಅರಸುವುದು



ಮೈಸೂರು ಸೀಮೆಯವರು ಮೂಳೆ ಎನ್ನುವುದನ್ನು ಪಡುಗಡಲಿನ ತೀರದವರು ಎಲುಬು ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಅದು ಮುರಿದಾಗ ಆಗುವ ಯಾತನೆ ಒಂದೇ, ಮುರಿದ ಮರುಗಳಿಗೆಯಲ್ಲಿ ಮನೆಯವರ ಬಾಯಿಂದ ಹೊರಡುವ ಪ್ರಶ್ನೆಯೂ ಒಂದೇ: "ಯಾರ ಬಳಿಗೆ ಕರೆದುಕೊಂಡು ಹೋಗೋಣ?" ಬೆಂಗಳೂರಿನಲ್ಲಿರುವವರಿಗೆ ಈ ಪ್ರಶ್ನೆಗೆ ಉತ್ತರಗಳು ಹೆಚ್ಚಾದುದೇ ತೊಡಕು, ಬೀದಿಗೆರಡು ಫಲಕಗಳು. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿರುವವರಿಗೆ ಉತ್ತರಗಳು ಕಡಮೆಯಾದುದು ತೊಡಕು. ಈ ಮೂರು ತಾಲ್ಲೂಕುಗಳಲ್ಲಿ ನಮಗೆ ನಂಟರಿದ್ದಾರೆ, ತೋಟವಿದೆ, ಬಾಲ್ಯದ ನೆನಪುಗಳಿವೆ. ಆದುದರಿಂದ ಈ ಸಂಜೆ ಹೇಳಬೇಕೆಂದಿರುವ ವಿಷಯವನ್ನು ಆ ನೆಲದ ಮೇಲೆ ನಿಂತೇ ಹೇಳುತ್ತೇವೆ. ನಗರವಾಸಿಗಳಾದ ತಮಗೂ ಅದರಿಂದ ಪ್ರಯೋಜನವಿದ್ದೀತು. ಏಕೆಂದರೆ ಊರಿನಲ್ಲಿ ಬಿದ್ದವರನ್ನು ಎಲ್ಲಿಗೆ ಒಯ್ಯಬೇಕೆಂದು ಕೇಳುವ ಮಾತು ಈಗ ಬರುವುದು ನಗರದಲ್ಲಿರುವ ಮಗನಿಗೆ, ಸೊಸೆಗೆ, ಅಳಿಯನಿಗೆ.

ಆ ಸೀಮೆಯಲ್ಲಿ ಎಲುಬು ಮುರಿಯುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಕೊನೆಗೌಡರು ಅಡಕೆಯ ಮರದಿಂದ ಮರಕ್ಕೆ ಹಾಯುವುದನ್ನು ಕಂಡವರಿಗೆ ಎದೆ ಝಲ್ಲೆನ್ನದೆ ಇರದು. ತೆಂಗಿನ ಮರವುಂಟು, ಮಾವಿನ ಮರವುಂಟು. ಆಷಾಢದಲ್ಲಿ ಪಾಚಿಗಟ್ಟಿದ ಅಂಗಳವುಂಟು. ಮೀನಿನ ದೋಣಿಯ ಜಾರುವ ಹಲಗೆಯುಂಟು. ಇವೆಲ್ಲ ಹಿಂದಿನಿಂದಲೂ ಇದ್ದವು. ಈಗ ಅವುಗಳ ಜೊತೆಗೆ ೬೬ನೆಯ ರಾಷ್ಟ್ರೀಯ ಹೆದ್ದಾರಿಯು ಮೂರು ಪಟ್ಟಣಗಳನ್ನೂ ದಾರದಲ್ಲಿ ಪೋಣಿಸಿದ ಮಣಿಗಳಂತೆ ಸೇರಿಸಿಕೊಂಡು ಹೋಗಿದೆ. ಅದರ ಮೇಲೆ ಓಡುವ ದ್ವಿಚಕ್ರವಾಹನಗಳಿವೆ. ಮೂರು ಕಡೆಗಳಲ್ಲಿಯೂ ಸರ್ಕಾರದ ತಾಲ್ಲೂಕು ಆಸ್ಪತ್ರೆಗಳಿವೆ, ಖಾಸಗಿ ಚಿಕಿತ್ಸಾಲಯಗಳಿವೆ, ವಾರಕ್ಕೆ ಇಷ್ಟು ದಿನವೆಂದು ಹೊರಗಿನಿಂದ ಬಂದು ನೋಡಿ ಹೋಗುವ ತಜ್ಞರಿದ್ದಾರೆ. ಆದರೆ ಗಾಯ ದೊಡ್ಡದಾದರೆ ಜನರ ಮುಖ ದಕ್ಷಿಣಕ್ಕೆ, ಉಡುಪಿ ಮಣಿಪಾಲಗಳ ಕಡೆಗೆ ತಿರುಗುತ್ತದೆ. ಇಲ್ಲವೆ ಉತ್ತರಕ್ಕೆ, ಕಾರವಾರದ ಅಥವಾ ಗೋವೆಯ ಕಡೆಗೆ. ಇಲ್ಲವೆ ಘಟ್ಟವನ್ನೇರಿ ಹುಬ್ಬಳ್ಳಿಯ ಕಡೆಗೆ. ಮಣಿಪಾಲದ ವೈದ್ಯಕೀಯ ವಿದ್ಯಾಲಯ ೧೯೫೩ರಲ್ಲಿ, ಹುಬ್ಬಳ್ಳಿಯದು ೧೯೫೭ರಲ್ಲಿ ಹುಟ್ಟಿದವು. ಅಂದಿನಿಂದ ಎರಡು ಮೂರು ತಲೆಮಾರುಗಳು ಈ ದಾರಿಗಳನ್ನು ಸವೆಸಿವೆ.

ಈ ದಾರಿಯ ದೂರವೇ ಒಂದು ರೋಗ. ೨೦೨೨ರ ಜುಲೈ ೨೦ರಂದು ಹೊನ್ನಾವರದ ಕಡೆಯಿಂದ ರೋಗಿಯೊಬ್ಬರನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಭಟ್ಕಳದಾಚೆಯ ಶಿರೂರಿನ ಸುಂಕದ ಕಟ್ಟೆಯಲ್ಲಿ, ಮಳೆಯಿಂದ ಒದ್ದೆಯಾದ ರಸ್ತೆಯ ಮೇಲೆ ಜಾರಿ ಉರುಳಿತು, ನಾಲ್ವರು ತೀರಿಕೊಂಡರು. ಆ ದೃಶ್ಯವನ್ನು ನಾಡೆಲ್ಲ ನೋಡಿತು. ಜಿಲ್ಲೆಗೆ ಸರ್ವಸಜ್ಜಿತವಾದ ಆಸ್ಪತ್ರೆಯೊಂದು ಬೇಕೆಂದು ಅದಕ್ಕೂ ಮೊದಲಿನಿಂದ ಇದ್ದ ಬೇಡಿಕೆ ಆ ಮೇಲೆ ಕೂಗಾಯಿತು. ಆಸ್ಪತ್ರೆಯ ಮಾತು ರಾಜಕಾರಣಿಗಳಿಗಿರಲಿ. ಇಂದು ರಾತ್ರಿಯೇ ಬಿದ್ದವರಿಗೆ ಇಂದು ರಾತ್ರಿ ಇರುವ ವೈದ್ಯರಲ್ಲಿಯೇ ಒಬ್ಬರನ್ನು ಆರಿಸಬೇಕಲ್ಲವೆ? ಆ ಆಯ್ಕೆಯ ವಿಷಯವೇ ನಮ್ಮದು.

ಮೊದಲು ನಮ್ಮ ಮನೆಯ ಕಥೆಯೊಂದನ್ನು ಹೇಳಬೇಕು. ಮೂವತ್ತು ವರ್ಷಗಳಾಗಿರಬಹುದು. ನಮ್ಮ ಸೋದರಮಾವನ ಮಗ, ಆಗ ಎಂಟು ವರ್ಷದವನು, ಬೇಸಗೆಯ ರಜೆಯಲ್ಲಿ ಗೇರುಮರದಿಂದ ಬಿದ್ದು ಬಲ ಮೊಣಕೈಯ ಮೇಲ್ಭಾಗವನ್ನು ಮುರಿದುಕೊಂಡನು. ಮಾವನವರು ಕಟ್ಟು ಕಟ್ಟುವವರೊಬ್ಬರ ಬಳಿಗೆ ಎತ್ತಿಕೊಂಡು ಹೋದರು. ಆತ ಸಜ್ಜನ, ಹಣ ಕೇಳುವವನಲ್ಲ, ಆ ಸುತ್ತಿನಲ್ಲಿ ಎಷ್ಟೋ ಜನರ ಕಾಲು ಕೈಗಳನ್ನು ನೆಟ್ಟಗೆ ಮಾಡಿದ ಹೆಸರಿತ್ತು. ಬಿದಿರಿನ ಸಿಬಿರುಗಳನ್ನಿಟ್ಟು, ಸೊಪ್ಪಿನ ರಸ ಹಾಕಿ, ಬಿಗಿಯಾಗಿ ಕಟ್ಟಿದನು. ರಾತ್ರಿಯೆಲ್ಲ ಹುಡುಗ ಅತ್ತನು. "ಎಲುಬು ಕೂಡುವಾಗ ನೋವಾಗುವುದೇ, ಮಾರಾಯ, ತಡಕೋ" ಎಂದರು ಹಿರಿಯರು. ಬೆಳಗ್ಗೆ ಬೆರಳುಗಳು ತಣ್ಣಗಾಗಿ ಬಿಳುಪೇರಿದ್ದವು. ಅತ್ತೆ ಒಂದು ಬೆರಳನ್ನು ನೆಟ್ಟಗೆ ಮಾಡಹೋದರೆ ಹುಡುಗ ಚೀರಿದನು. ಮೂರನೆಯ ದಿನ ಅಳು ನಿಂತಿತು. ನೋವು ಹೋಯಿತೆಂದು ಎಲ್ಲರೂ ಸಮಾಧಾನಪಟ್ಟರು. ನೋವು ಹೋಗಿರಲಿಲ್ಲ, ನರವೇ ಹೋಗಿತ್ತು. ಕಟ್ಟು ಬಿಚ್ಚಿದಾಗ ಎಲುಬು ಕೂಡಿತ್ತು. ಕೈ ಮಾತ್ರ ಹಕ್ಕಿಯ ಉಗುರಿನಂತೆ ಮುದುಡಿತ್ತು.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರುಂಟು. ೧೮೮೧ರಲ್ಲಿ ಜರ್ಮನಿಯ ಫೋಲ್ಕ್‌ಮನ್ ಎಂಬ ಶಸ್ತ್ರವೈದ್ಯರು ಇದನ್ನು ವಿವರಿಸಿ, ಬಿಗಿಯಾದ ಕಟ್ಟಿನಿಂದ ರಕ್ತದ ಹರಿವು ನಿಂತು ಮುಂಗೈಯ ಸ್ನಾಯುಗಳು ಸಾಯುವುದೇ ಕಾರಣವೆಂದು ಹೇಳಿದರು. ಬಾವು ಒಳಗಿನಿಂದ ಒತ್ತುತ್ತದೆ, ಕಟ್ಟು ಹೊರಗಿನಿಂದ ಒತ್ತುತ್ತದೆ. ನಡುವೆ ಸಿಕ್ಕಿದ ಮಾಂಸಕ್ಕೆ ಕೆಲವೇ ಗಂಟೆಗಳ ಕಾಲಾವಕಾಶ. ಮಕ್ಕಳ ಮೊಣಕೈಯ ಮೇಲಿನ ಮುರಿತದಲ್ಲಿ ಈ ಭಯ ವಿಶೇಷ. ಬೆರಳು ತಣ್ಣಗಾದರೆ, ಬಣ್ಣಗೆಟ್ಟರೆ, ಜೋಮು ಹಿಡಿದರೆ, ಬೆರಳನ್ನು ನೀಡಿದಾಗ ನೋವು ಮಿತಿಮೀರಿದರೆ, ಆ ಕಟ್ಟನ್ನು ಕಟ್ಟಿದವನು ನಾಟಿ ವೈದ್ಯನೇ ಆಗಲಿ ವಿಲಾಯತಿಯ ಪದವೀಧರನೇ ಆಗಲಿ, ಆ ಕ್ಷಣವೇ ಸಡಿಲಿಸಿ ಆಸ್ಪತ್ರೆಗೆ ಓಡಬೇಕು. ಬೇರೆಲ್ಲ ಮಾತನ್ನು ಮರೆತರೂ ಇದೊಂದನ್ನು ಮರೆಯಬಾರದೆಂದು ತಮ್ಮಲ್ಲಿ ನಮ್ಮ ಬಿನ್ನಹ.

ನಾಟಿ ವೈದ್ಯವನ್ನು ಹಳಿಯುವುದಕ್ಕೆ ಈ ಕಥೆಯನ್ನು ಹೇಳಿದೆವೆಂದು ತಾವು ತಿಳಿಯಬಾರದು. ಎಲುಬಿನ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯು ಭಗ್ನವನ್ನು ಎಲುಬಿನ ಮುರಿತ, ಕೀಲಿನ ತಪ್ಪುವಿಕೆ ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದರಲ್ಲಿ ಹನ್ನೆರಡು ಬಗೆ, ಎರಡನೆಯದರಲ್ಲಿ ಆರು ಬಗೆಗಳನ್ನು ಹೇಳುತ್ತದೆ. ಪಾಶ್ಚಾತ್ಯರ ಎಲುಬಿನ ವಿದ್ಯೆಯೂ ನಾಟಿ ವೈದ್ಯರ ಮನೆಯಿಂದಲೇ ಬಹಳಷ್ಟನ್ನು ಕಲಿತಿದೆ. ಆ ಕಥೆ ಕಡಲ ತೀರದವರಿಗೆ ಹಿಡಿಸುವಂಥದು. ಹದಿನೆಂಟನೆಯ ಶತಮಾನದಲ್ಲಿ ವೇಲ್ಸ್ ದೇಶದ ಆಂಗಲ್‌ಸೀ ದ್ವೀಪದ ಬಳಿ ಹಡಗೊಂದು ಒಡೆದು, ಭಾಷೆ ತಿಳಿಯದ ಬಾಲಕನೊಬ್ಬ ದಡಕ್ಕೆ ಬಂದನೆಂದೂ, ಮುರಿದ ಎಲುಬನ್ನು ಕೂಡಿಸುವ ಕೈಗುಣ ಅವನಲ್ಲಿ ಹುಟ್ಟಿನಿಂದಲೇ ಇತ್ತೆಂದೂ ಐತಿಹ್ಯ. ಅವನ ವಂಶದಲ್ಲಿ ತಲೆಮಾರಿನಿಂದ ತಲೆಮಾರಿಗೆ ಆ ವಿದ್ಯೆ ಇಳಿದು ಬಂತು. ಆ ವಂಶದ ಇವಾನ್ ತಾಮಸ್ ಎಂಬಾತ ಲಿವರ್‌ಪೂಲ್ ನಗರದಲ್ಲಿ ನೆಲೆಸಿ ಹೆಸರಾದನು. ಪದವಿಯಿಲ್ಲದವನೆಂದು ಪದವೀಧರರು ಅವನನ್ನು ನ್ಯಾಯಾಲಯಕ್ಕೆಳೆದರು. ಬೇಸತ್ತ ಆತ ತನ್ನ ಐವರು ಮಕ್ಕಳನ್ನೂ ವೈದ್ಯವಿದ್ಯಾಲಯಕ್ಕೆ ಕಳುಹಿಸಿದನು. ಅವರಲ್ಲಿ ಹಿರಿಯವನಾದ ಹ್ಯೂ ಓವೆನ್ ತಾಮಸ್ ಮನೆಯ ಕೈಗುಣವನ್ನೂ ಶಾಲೆಯ ಶಾಸ್ತ್ರವನ್ನೂ ಕೂಡಿಸಿದನು. ತೊಡೆಯ ಮುರಿತಕ್ಕೆ ಅವನು ಮಾಡಿದ ಕಬ್ಬಿಣದ ಚೌಕಟ್ಟು ಅವನ ಜೀವಮಾನದಲ್ಲಿ ಹೆಚ್ಚು ಮನ್ನಣೆ ಪಡೆಯಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅವನ ಸಂಬಂಧಿ ಹಾಗೂ ಶಿಷ್ಯ ಸರ್ ರಾಬರ್ಟ್ ಜೋನ್ಸ್ ಅದನ್ನು ಸೈನ್ಯಕ್ಕೆ ತಂದಾಗ, ತೊಡೆಯೆಲುಬು ಒಡೆದು ಗಾಯವಾದ ಸೈನಿಕರಲ್ಲಿ ನೂರಕ್ಕೆ ಎಂಬತ್ತರಷ್ಟಿದ್ದ ಸಾವು ಇಪ್ಪತ್ತರ ಸಮೀಪಕ್ಕೆ ಇಳಿಯಿತೆಂದು ಆ ಕಾಲದ ವೈದ್ಯರು ಬರೆದಿದ್ದಾರೆ. ಇವಾನ್ ತಾಮಸನ ಕೈಗುಣ ಸುಳ್ಳಲ್ಲ. ಆದರೆ ಕೈಗುಣಕ್ಕೆ ಒಳಗಿನ ರಕ್ತನಾಳ ಕಾಣದು. ಶಾಸ್ತ್ರವನ್ನು ಓದಿದವನಿಗೆ ಅದು ಎಲ್ಲಿದೆಯೆಂದು ಗೊತ್ತು, ಕ್ಷ-ಕಿರಣದ ಚಿತ್ರ ಕೈಯಲ್ಲಿದೆ, ತಪ್ಪಿದರೆ ಉತ್ತರ ಹೇಳಬೇಕಾದ ಸ್ಥಳವೂ ಒಂದಿದೆ. ಈ ಕೊನೆಯದು ಅತ್ಯಂತ ಮುಖ್ಯವೆಂದು ನಮ್ಮ ಮತ.

ಆ ಸ್ಥಳ ಯಾವುದು? ೧೮೫೮ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ವೈದ್ಯರ ಕಾಯಿದೆಯನ್ನು ಮಾಡಿ, ಅರ್ಹರಾದವರ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆಸುವ ಏರ್ಪಾಡು ಮಾಡಿತು. ರೋಗಿಗಳಿಗೆ ಅರ್ಹರು ಯಾರು, ಅನರ್ಹರು ಯಾರು ಎಂದು ಗುರುತಿಸಲು ಸಾಧ್ಯವಾಗಲಿ ಎಂಬುದೇ ಅದರ ಉದ್ದೇಶವೆಂದು ಕಾಯಿದೆಯ ಪೀಠಿಕೆಯಲ್ಲಿಯೇ ಹೇಳಿದೆ. ವೈದ್ಯರ ಗೌರವಕ್ಕಾಗಿ ಎಂದು ಹೇಳಿಲ್ಲ. ನಮ್ಮಲ್ಲಿ ಇಂಥ ಕಾಯಿದೆ ಮೊದಲು ಬಂದುದು ಮುಂಬಯಿಯಲ್ಲಿ, ೧೯೧೨ರಲ್ಲಿ. ಉತ್ತರ ಕನ್ನಡವು ೧೮೬೨ರಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದುದರಿಂದ ಹೊನ್ನಾವರ ಕುಮಟಾಗಳಿಗೆ ಆ ಕಾಯಿದೆ ಮೈಸೂರು ಸೀಮೆಗಿಂತ ಮುಂಚೆಯೇ ಅನ್ವಯವಾಯಿತು. ಮುಂದುವರಿದ ಸಂಸ್ಥಾನವೆಂದು ಹೆಮ್ಮೆಪಡುವ ನಾವು ಮೈಸೂರಿಗರು ಇದನ್ನು ಒಪ್ಪಿಕೊಳ್ಳಬೇಕು. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು; ೧೯೬೧ರ ಕಾಯಿದೆಯಂತೆ ನಡೆಯುತ್ತಿರುವ ಪರಿಷತ್ತು ಇಂದು ಕರ್ನಾಟಕ ವೈದ್ಯಕೀಯ ಪರಿಷತ್ತೆಂದು ಬೆಂಗಳೂರಿನಲ್ಲಿದೆ. ಅದರ ಮೇಲೆ ದೇಶಕ್ಕೆಲ್ಲ ಒಂದಾಗಿ, ೨೦೧೯ರ ಕಾಯಿದೆಯಿಂದ ಹುಟ್ಟಿ ೨೦೨೦ರ ಸೆಪ್ಟೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ರಾಷ್ಟ್ರೀಯ ವೈದ್ಯಕೀಯ ಆಯೋಗವಿದೆ. ಪಟ್ಟಿಯಲ್ಲಿ ಹೆಸರಿಲ್ಲದೆ ಈ ವೈದ್ಯವನ್ನು ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆ ಕಾಯಿದೆಯಲ್ಲಿ ಹೇಳಿದೆ.

ಪಟ್ಟಿಯನ್ನು ನೋಡುವುದಕ್ಕೆ ಈಗ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆಯೋಗದ ಜಾಲತಾಣದಲ್ಲಿ ಭಾರತೀಯ ವೈದ್ಯರ ಪಟ್ಟಿ ಇದೆ. ವೈದ್ಯರ ಹೆಸರನ್ನೋ ನೋಂದಣಿಯ ಸಂಖ್ಯೆಯನ್ನೋ ಬರೆದು, ಯಾವ ರಾಜ್ಯದ ಪರಿಷತ್ತೆಂದು ಸೂಚಿಸಿದರೆ ಪದವಿ ಯಾವುದು, ಯಾವ ವಿಶ್ವವಿದ್ಯಾನಿಲಯ, ಯಾವ ವರ್ಷ ಎಂಬ ವಿವರ ಕಾಣುತ್ತದೆ. ಹೆಸರಿನಿಂದ ಹುಡುಕುವುದಕ್ಕಿಂತ ಸಂಖ್ಯೆಯಿಂದ ಹುಡುಕುವುದು ಮೇಲು. ನಮ್ಮ ಕಡೆ ಒಂದೇ ಹೆಸರಿನ ಹೆಗಡೆಗಳೂ ಭಟ್ಟರೂ ನಾಯಕರೂ ಶೇಖರೂ ಎಷ್ಟು ಮಂದಿ! ಸಂಖ್ಯೆಯನ್ನು ಕೇಳುವುದಕ್ಕೆ ಸಂಕೋಚವೇಕೆ? ಔಷಧದ ಚೀಟಿ, ಪ್ರಮಾಣಪತ್ರ, ಹಣದ ರಸೀತಿ, ಇವೆಲ್ಲದರ ಮೇಲೂ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಹಾಕತಕ್ಕದ್ದೆಂದು ೨೦೦೨ರ ನಡತೆಯ ನಿಯಮಾವಳಿ ವಿಧಿಸಿದೆ. (೨೦೨೩ರ ಆಗಸ್ಟಿನಲ್ಲಿ ಹೊಸ ನಿಯಮಾವಳಿಯೊಂದು ಹೊರಟು, ಅದೇ ತಿಂಗಳಲ್ಲಿ ತಡೆಹಿಡಿಯಲ್ಪಟ್ಟು, ಮತ್ತೆ ಹಳೆಯದೇ ಜಾರಿಗೆ ಬಂತು.) ಚೀಟಿಯಲ್ಲಿ ಸಂಖ್ಯೆ ಇಲ್ಲದಿದ್ದರೆ ಅದನ್ನೇ ಮೊದಲ ಪ್ರಶ್ನೆಯನ್ನಾಗಿ ಮಾಡಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ. ಪಟ್ಟಿಯಲ್ಲಿ ಕೂಡಲೇ ಕಾಣಲಿಲ್ಲವೆಂದು ಒಬ್ಬರನ್ನು ಕಳ್ಳವೈದ್ಯರೆಂದು ಸಾರಿಬಿಡುವುದು ಅನ್ಯಾಯ. ಗೋವೆಯ ಗಡಿ ಹತ್ತಿರವಿರುವ ಈ ಜಿಲ್ಲೆಯಲ್ಲಿ ವೈದ್ಯರ ಮೊದಲ ನೋಂದಣಿ ಗೋವೆಯದೋ ಮಹಾರಾಷ್ಟ್ರದ್ದೋ ಆಗಿರಬಹುದು. ಹೆಸರಿನ ಅಕ್ಷರಗಳನ್ನು ಬೇರೆ ರೀತಿಯಲ್ಲಿ ಬರೆದಿರಬಹುದು. ಮದುವೆಯಾದ ಮೇಲೆ ಹೆಸರು ಬದಲಾಗಿರಬಹುದು. ಕೇಳಬೇಕು, ರಾಜ್ಯದ ಪರಿಷತ್ತಿಗೆ ಬರೆದು ವಿಚಾರಿಸಬೇಕು. ಇನ್ನೊಂದು ಅಂಶ: ಮೊದಲ ಪದವಿಯಾದ ಎಂ.ಬಿ.ಬಿ.ಎಸ್. ಪಟ್ಟಿಯಲ್ಲಿರುವುದರಿಂದ ಅವರು ವೈದ್ಯರೆಂದು ಸಿದ್ಧವಾಯಿತೇ ಹೊರತು ಎಲುಬಿನ ತಜ್ಞರೆಂದು ಸಿದ್ಧವಾಗಲಿಲ್ಲ. ಮೇಲಿನ ಪದವಿಯನ್ನು ಬೇರೆಯಾಗಿ ನೋಂದಾಯಿಸಬೇಕು. ವಿಶೇಷ ಅರ್ಹತೆಯಿಲ್ಲದ ಶಾಖೆಯಲ್ಲಿ ತಾನು ತಜ್ಞನೆಂದು ವೈದ್ಯನು ಹೇಳಿಕೊಳ್ಳಕೂಡದೆಂದು ಅದೇ ೨೦೦೨ರ ನಿಯಮಾವಳಿ ಹೇಳುತ್ತದೆ.

ಆ ಮೇಲಿನ ಪದವಿಗಳ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಏಕೆಂದರೆ ವಿದ್ಯಾವಂತರೂ ಎಡವುವುದು ಇಲ್ಲಿಯೇ. ಎಲುಬಿನ ಶಾಖೆಯಲ್ಲಿ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಣುವ ಅರ್ಹತೆಗಳು ಮೂರು. ಎಂ.ಎಸ್. ಆರ್ಥೋಪೆಡಿಕ್ಸ್ ಎಂಬುದು ವಿಶ್ವವಿದ್ಯಾನಿಲಯದ ಮೂರು ವರ್ಷಗಳ ಪದವಿ. ಡಿ.ಎನ್.ಬಿ. ಎಂಬುದು ರಾಷ್ಟ್ರೀಯ ಪರೀಕ್ಷಾ ಮಂಡಳಿಯದು. ಅದೂ ಅದೇ ಮಟ್ಟದ್ದು. ಡಿ. ಆರ್ಥೋ ಎಂಬುದು ಎರಡು ವರ್ಷಗಳ ಡಿಪ್ಲೊಮಾ. ಹಳಬರಲ್ಲಿ ಬಹಳ ಮಂದಿ ಇದನ್ನು ಪಡೆದು, ಮುಂದೆ ಅನುಭವದಿಂದ ಪಳಗಿದವರಿದ್ದಾರೆ. ಇನ್ನು ಎಂ.ಎಸ್. ಎಂಬೆರಡು ಅಕ್ಷರಗಳನ್ನೇ ತೆಗೆದುಕೊಳ್ಳಿ. ಕಣ್ಣಿನ ವೈದ್ಯರೂ ಎಂ.ಎಸ್., ಕಿವಿ ಮೂಗುಗಳ ವೈದ್ಯರೂ ಎಂ.ಎಸ್., ಹೊಟ್ಟೆಯ ಶಸ್ತ್ರವೈದ್ಯರೂ ಎಂ.ಎಸ್.; ಮುಂದಿನ ಶಬ್ದವನ್ನು ಓದದೆ ಏನೂ ತಿಳಿಯದು. ಆಯುರ್ವೇದದಲ್ಲಿಯೂ ಶಲ್ಯತಂತ್ರದಲ್ಲಿ ಎಂ.ಎಸ್. ಪದವಿಯುಂಟು. ೨೦೨೦ರ ನವೆಂಬರಿನಲ್ಲಿ ಭಾರತೀಯ ವೈದ್ಯಪದ್ಧತಿಯ ಕೇಂದ್ರೀಯ ಪರಿಷತ್ತು ಶಲ್ಯ, ಶಾಲಾಕ್ಯ ವಿಭಾಗಗಳ ಸ್ನಾತಕೋತ್ತರರು ಮಾಡಬಹುದಾದ ಐವತ್ತೆಂಟು ಶಸ್ತ್ರಕ್ರಿಯೆಗಳನ್ನು ಪಟ್ಟಿಮಾಡಿ ಪ್ರಕಟಿಸಿದಾಗ ದೇಶದಲ್ಲಿ ದೊಡ್ಡ ವಾದವೇ ನಡೆಯಿತು. ಆ ವಾದದಲ್ಲಿ ನಾವು ಇಂದು ಇಳಿಯುವುದಿಲ್ಲ. ಆಯುರ್ವೇದ ಬೇಕೆಂದವರು ಆಯುರ್ವೇದದವರಲ್ಲಿಗೆ ತಿಳಿದೇ ಹೋಗಲಿ. ತಿಳಿಯದೆ ಹೋಗಬಾರದು, ಅಷ್ಟೆ. ಒಂದು ಪದ್ಧತಿಯನ್ನು ಕಲಿತವರು ಕಲಿಯದ ಇನ್ನೊಂದು ಪದ್ಧತಿಯ ಔಷಧವನ್ನು ಕೊಡುವುದು ತನ್ನಷ್ಟಕ್ಕೇ ನಿರ್ಲಕ್ಷ್ಯವೆಂದು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಹೋಮಿಯೋಪತಿಯ ವೈದ್ಯರೊಬ್ಬರ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ.

ಇವಲ್ಲದೆ ಹೆಸರಿನ ಹಿಂದೆ ರೈಲುಗಾಡಿಯ ಡಬ್ಬಿಗಳಂತೆ ಸಾಲುಗಟ್ಟುವ ಬೇರೆ ಅಕ್ಷರಗಳುಂಟು. ಫೆಲೋಷಿಪ್ ಎಂಬ ಒಂದೇ ಮಾತಿನಲ್ಲಿ ಎರಡು ವರ್ಷ ದುಡಿದು ಕಲಿತುದೂ ಅಡಗಿರಬಹುದು, ಎರಡು ವಾರ ನಿಂತು ನೋಡಿದುದೂ ಅಡಗಿರಬಹುದು. ಸಂಘವೊಂದರ ಸದಸ್ಯತ್ವವು ಪದವಿಯಲ್ಲ. ಚಂದಾ ಕೊಟ್ಟುದಕ್ಕೆ ರಸೀತಿ. ಎಷ್ಟು ಕಾಲ, ಎಲ್ಲಿ, ಯಾವ ವಿಷಯದಲ್ಲಿ ಎಂದು ವಿನಯದಿಂದ ಕೇಳಿದರೆ ನಿಜವಾಗಿ ಕಲಿತವರು ಸಂತೋಷದಿಂದ ಹೇಳುತ್ತಾರೆ. ಅಕ್ಷರಗಳ ಸಾಲು ಉದ್ದವಾದಷ್ಟೂ ನಮ್ಮ ನಂಬಿಕೆ ಗಿಡ್ಡವಾಗುವ ಚಾಳಿ ನಮಗೆ ಬಂದುಬಿಟ್ಟಿದೆ; ಅದು ನಮ್ಮ ದೋಷವೂ ಇರಬಹುದು.

ವೈದ್ಯರಂತೆ ಮನೆಯನ್ನೂ ನೋಡಬೇಕು. ೨೦೦೭ರ ಕಾಯಿದೆಯಂತೆ ಕರ್ನಾಟಕದ ಪ್ರತಿಯೊಂದು ಖಾಸಗಿ ಚಿಕಿತ್ಸಾಲಯವೂ ನೋಂದಣಿ ಪಡೆದಿರಬೇಕು, ಆ ಪ್ರಮಾಣಪತ್ರವನ್ನೂ ದರಗಳ ಪಟ್ಟಿಯನ್ನೂ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ೨೦೨೪ರಲ್ಲಿ ಸರ್ಕಾರವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಾಗಿಲಲ್ಲಿರುವ ಫಲಕಕ್ಕೆ ಬಣ್ಣವನ್ನೇ ಗೊತ್ತುಮಾಡಿತು: ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸುರು. ಓದುಬಾರದವರಿಗೂ ಇದು ಉಪಕಾರ. ಫಲಕವೇ ಇಲ್ಲದ ಕಡೆ ಮೆಟ್ಟಿಲು ಹತ್ತುವ ಮೊದಲು ಯೋಚಿಸಬೇಕು.

ಇಷ್ಟೆಲ್ಲ ನೋಡಿಯಾದ ಮೇಲೆ ತಿಳಿದುಬರುವುದೇನು? ಇವರು ಸುಳ್ಳರಲ್ಲ ಎಂಬುದು ಮಾತ್ರ. ಇವರು ನಿಪುಣರೇ, ನಮ್ಮ ರೋಗಿಗೆ ತಕ್ಕವರೇ ಎಂಬುದನ್ನು ಯಾವ ಪಟ್ಟಿಯೂ ಹೇಳದು. ಅದನ್ನು ನಾವು ಕಲಿತುದು ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ. ಹೊನ್ನಾವರದ ಕಡೆಯಲ್ಲಿರುವ ನಮ್ಮ ಅತ್ತೆಯವರು, ಗೇರುಮರದಿಂದ ಬಿದ್ದ ಆ ಹುಡುಗನ ತಾಯಿ, ಬಚ್ಚಲಿನ ಹೊರಗೆ ಜಾರಿ ಬಿದ್ದರು. ಎಂಬತ್ತರ ಸಮೀಪದ ವಯಸ್ಸು. ಕಾಲು ಗಿಡ್ಡವಾದಂತೆ ತೋರಿ ಪಾದ ಹೊರಗಡೆಗೆ ತಿರುಗಿತ್ತು. ಸೊಂಟದ ಬಳಿ ತೊಡೆಯೆಲುಬು ಮುರಿದುದರ ಲಕ್ಷಣವದು. ನೆರೆಮನೆಯವರೊಬ್ಬರು, "ಎಣ್ಣೆ ಹಚ್ಚಿ ಕಟ್ಟಿಸಿ, ಒಂದೂವರೆ ತಿಂಗಳು ಮಲಗಿದರೆ ಸರಿಹೋಗುತ್ತದೆ" ಎಂದರು. ಮುದುಕರನ್ನು ಒಂದೂವರೆ ತಿಂಗಳು ಅಲುಗಾಡದೆ ಮಲಗಿಸಿದರೆ ಬೆನ್ನಿಗೆ ಹುಣ್ಣು, ಎದೆಗೆ ಕಫ, ಕಾಲಿನ ರಕ್ತನಾಳದಲ್ಲಿ ಗರಣೆ. ಎಲುಬು ಕೂಡುವುದಕ್ಕೆ ಮೊದಲು ಮನುಷ್ಯರೇ ಇರುವುದಿಲ್ಲ. ಒಂದೆರಡು ದಿನಗಳೊಳಗೆ ಶಸ್ತ್ರಕ್ರಿಯೆ ಮಾಡಿ ಎಬ್ಬಿಸಿ ಕೂರಿಸುವುದೇ ಇಂದಿನ ಕ್ರಮ.

ವಾರದಲ್ಲಿ ಎರಡು ದಿನ ಬರುವ ತಜ್ಞರೊಬ್ಬರು ಆ ದಿನ ಪಟ್ಟಣದಲ್ಲಿದ್ದರು. ನಮ್ಮ ಭಾವನವರು, ಮುದುಡಿದ ಬಲಗೈಯ ಅದೇ ಹುಡುಗ, ಈಗ ನಲವತ್ತರ ಸಮೀಪದ ಗೃಹಸ್ಥರು, ಹಿಂದಿನ ಚೀಟಿಯೊಂದರಲ್ಲಿದ್ದ ಸಂಖ್ಯೆಯನ್ನು ಎಡಗೈಯಿಂದ ಮೊಬೈಲಿನಲ್ಲಿ ಒತ್ತಿ ಪಟ್ಟಿಯನ್ನು ನೋಡಿದರು. ಹೆಸರಿತ್ತು, ಪದವಿಯಿತ್ತು, ಎಲುಬಿನ ಶಾಖೆಯ ಎಂ.ಎಸ್. ಎಂದೇ ಇತ್ತು. ಮನಸ್ಸಿಗೆ ಸಮಾಧಾನವಾಯಿತು. ಆ ಮೇಲೆ ಎದುರಿಗೆ ಕುಳಿತು ಕೆಲವು ಪ್ರಶ್ನೆ ಕೇಳಿದೆವು. ಈ ಶಸ್ತ್ರಕ್ರಿಯೆಯನ್ನು ತಾವು ತಿಂಗಳಿಗೆ ಎಷ್ಟು ಮಾಡುತ್ತೀರಿ? ಅರಿವಳಿಕೆ ಕೊಡುವ ತಜ್ಞರು ಯಾರು, ಅವರು ರಾತ್ರಿ ಇರುತ್ತಾರೆಯೆ? ರಕ್ತ ಬೇಕಾದರೆ ಎಲ್ಲಿಂದ ಬರುತ್ತದೆ? ತಾವು ಹಿಂದಿರುಗಿದ ಮೇಲೆ ಮೂರನೆಯ ದಿನ ಜ್ವರ ಬಂದರೆ ನೋಡುವವರು ಯಾರು? ಈ ಕೊನೆಯ ಪ್ರಶ್ನೆಯನ್ನು, ಬಂದು ಹೋಗುವ ತಜ್ಞರನ್ನು ನಂಬಿರುವ ಈ ಮೂರು ತಾಲ್ಲೂಕಿನವರು ಅಗತ್ಯವಾಗಿ ಕೇಳಬೇಕು. ಶಸ್ತ್ರಕ್ರಿಯೆಗೆ ಬೇಕಾದುದು ಒಂದೆರಡು ಗಂಟೆ, ಮಾಗುವುದಕ್ಕೆ ಬೇಕಾದುದು ವಾರಗಳು.

ಆತ ಸಿಟ್ಟಾಗಲಿಲ್ಲ. ಹೃದಯದ ಪರೀಕ್ಷೆಯ ಕಾಗದವನ್ನು ಎರಡು ಸಲ ನೋಡಿ ಹೇಳಿದರು: "ಮೂಳೆಯ ಕೆಲಸ ನಾನು ಇಲ್ಲಿಯೇ ಮಾಡಬಲ್ಲೆ. ನಿಮ್ಮ ಅಮ್ಮನವರ ಹೃದಯಕ್ಕೆ ರಾತ್ರಿ ತೊಂದರೆಯಾದರೆ ನೋಡಿಕೊಳ್ಳುವ ಘಟಕ ಇಲ್ಲಿಲ್ಲ. ಮಣಿಪಾಲಕ್ಕೆ ಕರೆದುಕೊಂಡು ಹೋಗಿ, ಈಗಲೇ ಹೊರಡಿ." ಕೈಗೆ ಬಂದ ರೋಗಿಯನ್ನೂ ಹಣವನ್ನೂ ಹೀಗೆ ಬಿಟ್ಟುಕೊಟ್ಟ ಆ ವೈದ್ಯರ ಬಗೆಗೆ ನಮಗೆ ಹುಟ್ಟಿದ ವಿಶ್ವಾಸ ಯಾವ ಪದವಿಪತ್ರದಿಂದಲೂ ಹುಟ್ಟುತ್ತಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಒಂದು ಆಸ್ಪತ್ರೆಯ ಹೆಸರನ್ನು ಹೇಳಿ ಬೇರೆಲ್ಲಿಗೂ ಹೋಗಬೇಡಿರೆಂದು ಒತ್ತಾಯಿಸುವವರಿದ್ದರೆ ಕಾರಣವನ್ನು ಕೇಳಬೇಕು. ರೋಗಿಯನ್ನು ಕಳುಹಿಸಿದುದಕ್ಕೆ ಪಾಲು ಪಡೆಯುವುದನ್ನು ನಡತೆಯ ನಿಯಮಗಳು ನಿಷೇಧಿಸಿವೆ. ನಿಷೇಧಿಸಬೇಕಾಗಿ ಬಂದುದೇಕೆಂದು ತಾವೇ ಊಹಿಸಿಕೊಳ್ಳಬಹುದು.

ದೂರಕ್ಕೆ ಒಯ್ಯುವಾಗಿನ ಮಾತುಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಮುರಿದ ಅಂಗವನ್ನು ಅಲುಗದಂತೆ ಹಲಗೆಯಿಟ್ಟು, ಬೆರಳು ಕಾಣುವಂತೆ ಬಿಟ್ಟು, ಸಡಿಲವಾಗಿ ಕಟ್ಟಬೇಕು. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ನೋವಿಗೆ ಮದ್ದು ಹಾಕಿಸಿಯೇ ಮುಂದೆ ಹೊರಡಬೇಕು. ಗಾಯ ತೆರೆದು ಎಲುಬು ಹೊರಗೆ ಕಂಡರೆ ಸ್ವಚ್ಛವಾದ ಬಟ್ಟೆಯನ್ನು ಮುಚ್ಚಿ, ಸೊಪ್ಪು ಅರಿಸಿನ ಯಾವುದನ್ನೂ ಹಾಕದೆ, ನಂಜುನಿರೋಧಕವನ್ನು ಬೇಗ ಕೊಡಿಸಬೇಕು. ೧೦೮ಕ್ಕೆ ಕರೆಮಾಡಿದರೆ ಸರ್ಕಾರದ ವಾಹನ ಬರುತ್ತದೆ. ಈ ಏರ್ಪಾಡು ರಾಜ್ಯದಲ್ಲಿ ೨೦೦೮ರಿಂದ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಚೀಟಿಯುಳ್ಳವರು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೆ ಎಂದು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಬೇಕು. ಮಣಿಪಾಲದ ಕಿಟಕಿಯ ಮುಂದೆ ನಿಂತು ಹೊನ್ನಾವರದ ಕಾಗದವನ್ನು ನೆನೆದು ಪ್ರಯೋಜನವಿಲ್ಲ. ಕ್ಷ-ಕಿರಣದ ಚಿತ್ರ ರೋಗಿಗೆ ಸೇರಿದುದು, ಬಿಟ್ಟುಬರಬಾರದು. ವೈದ್ಯರ ಬಳಿಯಿರುವ ದಾಖಲೆಗಳನ್ನು ಕೇಳಿದ ಎಪ್ಪತ್ತೆರಡು ಗಂಟೆಗಳಲ್ಲಿ ಕೊಡಬೇಕೆಂದು ನಿಯಮವಿದೆ. ಒಳಗೆ ಲೋಹದ ಸಲಾಕೆಯನ್ನೋ ಕೀಲನ್ನೋ ಇಟ್ಟರೆ ಅದನ್ನು ಮಾಡಿದವರ ಹೆಸರು, ಸಂಖ್ಯೆ, ಬೆಲೆಗಳು ಬಿಲ್ಲಿನಲ್ಲಿ ಬೇರೆಯಾಗಿ ಬರಲಿ. ಮೊಣಕಾಲ ಕೃತಕ ಕೀಲುಗಳಿಗೆ ೨೦೧೭ರ ಆಗಸ್ಟಿನಲ್ಲಿ ಕೇಂದ್ರದವರು ಬೆಲೆಯ ಮಿತಿಯನ್ನು ಗೊತ್ತುಮಾಡಿದಾಗ ಈ ವಿವರಗಳನ್ನು ಬಿಲ್ಲಿನಲ್ಲಿ ತೋರಿಸಬೇಕೆಂದೂ ಆಜ್ಞೆ ಮಾಡಿದರು. ವರ್ಷಗಳ ಮೇಲೆ ಬೇರೊಬ್ಬ ವೈದ್ಯರು ಅದನ್ನು ತೆಗೆಯಬೇಕಾಗಿ ಬಂದಾಗ ಆ ಒಂದು ಕಾಗದದ ಬೆಲೆ ತಿಳಿಯುತ್ತದೆ.

ಅತ್ತೆಯವರಿಗೆ ಮರುದಿನವೇ ಶಸ್ತ್ರಕ್ರಿಯೆಯಾಯಿತು. ರಾತ್ರಿ ಹೃದಯ ಒಮ್ಮೆ ತಪ್ಪು ಹೆಜ್ಜೆಯಿಟ್ಟಿತು, ಘಟಕದವರು ನೋಡಿಕೊಂಡರು. ಎರಡು ವಾರಗಳ ಮೇಲೆ ಮನೆಗೆ ಮರಳಿದರು. ಹೊಲಿಗೆಯನ್ನು ತೆಗೆಸುವುದಕ್ಕೂ ಮುಂದಿನ ತಪಾಸಣೆಗೂ, ಮಣಿಪಾಲದವರ ಒಪ್ಪಿಗೆ ಪಡೆದು, ಹೊನ್ನಾವರದ ಆ ತಜ್ಞರ ಬಳಿಗೇ ಹೋದೆವು. ಈಗ ಕೋಲೂರಿಕೊಂಡು ತುಳಸಿಕಟ್ಟೆಯವರೆಗೆ ನಡೆಯುತ್ತಾರೆ. ಎರಡೂ ಕಡೆಯ ಚೀಟಿಗಳನ್ನು ಭಾವನವರು ಪಂಚಾಂಗದೊಳಗೆ ಇಟ್ಟಿದ್ದಾರೆ. ಚೀಟಿಯ ಮೂಲೆಯಲ್ಲಿರುವ ನೋಂದಣಿ ಸಂಖ್ಯೆಯ ಕೆಳಗೆ ಎಡಗೈಯಿಂದ ಎಳೆದ ಓರೆಯಾದ ಗೆರೆಯೊಂದಿದೆ.